ಅಟ್ಟದ ಮೇಲಿನ ವೀರರು

ಶೆಟ್ಟಿಕೆರೆ, ತಿಪಟೂರು, ತುರುವೇಕೆರೆ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟಕ್ಕೆ ಎರಡು ಕೆಲಸ. ಒಂದು, ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಒಣಗಿಸಿ ಉಂಡೆ ಕೊಬ್ಬರಿ ಮಾಡುವುದು. ಇನ್ನೊಂದು, ಎಸೆಯಲು ಮನಸ್ಸಾಗದ ಕಾಗದಗಳನ್ನು ಕಾಯುವುದು. ಹಳೆಯ ಪಹಣಿ, ಕಂದಾಯದ ರಸೀದಿ, ಮದುವೆ ಕರೆಯೋಲೆಗಳ ನಡುವೆ ಅಲ್ಲಿ ಕೆಲವೊಮ್ಮೆ ಇನ್ನೊಂದು ಕಟ್ಟು ಸಿಗುತ್ತದೆ. ‘ಸುಧಾ’ ವಾರಪತ್ರಿಕೆಯಿಂದ ಕತ್ತರಿಸಿ ದಬ್ಬಣದಲ್ಲಿ ಹೊಲಿದ ಫ್ಯಾಂಟಮ್ ಪುಟಗಳು, ಮುಖಪುಟ ಹರಿದ ‘ಬಾಲಮಂಗಳ’, ಅದೃಷ್ಟವಿದ್ದರೆ ಒಂದೆರಡು ಇಂದ್ರಜಾಲ ಕಾಮಿಕ್ಸ್.

ಇಂಥ ಕಟ್ಟನ್ನು ಬಿಚ್ಚಿದ ಐವತ್ತರ ಹರೆಯದವರು ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ಕಾರಣ ಕೇಳಿದರೆ ‘ಬಾಲ್ಯದ ನೆನಪು’ ಎನ್ನುತ್ತಾರೆ. ಈ ಉತ್ತರ ಸಾಲದು. ಬಾಲ್ಯದಲ್ಲಿ ಓದಿದ್ದೆಲ್ಲ ಹೀಗೆ ಉಳಿಯುವುದಿಲ್ಲ. ಏಳನೇ ತರಗತಿಯ ಸಮಾಜ ಪಾಠದ ಪುಸ್ತಕವನ್ನು ಯಾರೂ ಹೊಲಿದು ಅಟ್ಟದಲ್ಲಿಟ್ಟಿಲ್ಲ. ಓದುಗರು ಬೇಕಾದರೆ ಒಂದು ಪ್ರಯೋಗ ಮಾಡಿ ನೋಡಬಹುದು. ಮೊಬೈಲಿನಲ್ಲಿ ಕೋಟ್ಯಂತರ ರೂಪಾಯಿಯ ಸೂಪರ್‌ಹೀರೋ ಸಿನಿಮಾಗಳನ್ನು ನೋಡಿ ಬೆಳೆದ ಎಂಟು ವರ್ಷದ ಮಗುವಿನ ಕೈಗೆ ಈ ಮಾಸಿದ ಪುಟಗಳನ್ನು ಕೊಡಿ. ಅದು ಮೂಗು ಮುರಿಯುವ ಬದಲು ‘ಮುಂದಿನದೆಲ್ಲಿ?’ ಎಂದು ಕೇಳುವುದೇ ಹೆಚ್ಚು. ಆ ಮಗುವಿಗೆ ಯಾವ ನೆನಪೂ ಇಲ್ಲ. ಹಾಗಾದರೆ ಸೆಳೆತ ಇರುವುದು ನಮ್ಮ ವಯಸ್ಸಿನಲ್ಲಲ್ಲ, ಆ ಪುಟಗಳಲ್ಲೇ.

ಇವು ಎಲ್ಲಿಂದ ಬಂದವು ಎಂಬುದನ್ನು ಚುಟುಕಾಗಿ ಹೇಳಿ ಮುಂದೆ ಹೋಗೋಣ. ಅಮೆರಿಕದ ಲೀ ಫಾಕ್ 1934ರಲ್ಲಿ ಮಾಂಡ್ರೇಕನನ್ನೂ 1936ರಲ್ಲಿ ಫ್ಯಾಂಟಮನನ್ನೂ ಸೃಷ್ಟಿಸಿದರು. 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಮುಂಬಯಿಯಿಂದ ಇಂದ್ರಜಾಲ ಕಾಮಿಕ್ಸ್ ಆರಂಭಿಸಿತು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಅದು ಬಂತು, 1990ರಲ್ಲಿ ನಿಂತಿತು. ಅಮರ ಚಿತ್ರ ಕಥೆ ಮೊದಲು ಹುಟ್ಟಿದ್ದೇ ಕನ್ನಡದಲ್ಲಿ ಎಂಬುದು ಅನೇಕರಿಗೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಕೆಲಸ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ 1965ರ ಸುಮಾರಿಗೆ ಪಾಶ್ಚಾತ್ಯ ಮಕ್ಕಳ ಕಥೆಗಳನ್ನು ಕನ್ನಡ ಚಿತ್ರಪುಸ್ತಕಗಳಾಗಿ ತಂದರು. ಅನಂತ್ ಪೈ ಅವರ ‘ಕೃಷ್ಣ’ ಸರಣಿಯ ಹನ್ನೊಂದನೆಯ ಪುಸ್ತಕವಾದದ್ದು ಅದಕ್ಕೇ. ಮೊದಲ ಹತ್ತು ಸಂಖ್ಯೆ ಆ ಕನ್ನಡ ಪುಸ್ತಕಗಳಿಗೆ ಸಂದಿದ್ದವು. ಇನ್ನು ‘ಬಾಲಮಂಗಳ’ ಕೇರಳದ ಕೋಟ್ಟಯಂನ ಮಂಗಳಂ ಪ್ರಕಾಶನದ್ದು. ಅಲ್ಲಿಂದ ನಮಗೆ ಸಿಕ್ಕವನು ಡಿಂಗ, ಹಾರುವ ಇಲಿ. ಅವನ ವಿಚಾರ ಮುಂದೆ ಹೇಳುವುದಿದೆ.

ಈ ಪುಸ್ತಕಗಳನ್ನು ಓದುತ್ತಿದ್ದ ರೀತಿಯಲ್ಲೇ ಅವುಗಳ ಗುಟ್ಟಿದೆ. ಇವತ್ತಿನ ಕಾಮಿಕ್ಸ್ ಒಬ್ಬನೇ ಕೂತು ಓದುವ ವಸ್ತು. ಅವತ್ತು ಶೆಟ್ಟಿಕೆರೆಯಂಥ ಊರಿಗೆ ಪಟ್ಟಣದಿಂದ ಬಸ್ಸಿನಲ್ಲಿ ಬಂದ ಒಂದು ಪ್ರತಿಯನ್ನು ಹತ್ತು ಮನೆ ಓದುತ್ತಿತ್ತು, ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಚಿತ್ರಕ್ಕೆ ಬಗ್ಗುವುದು. ದಖನಿ ಮಾತಾಡುವ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮಜಲಿತ್ತು. ಶಾಲೆಗೆ ಹೋಗುವ ಹುಡುಗಿ ಕನ್ನಡದಲ್ಲಿ ಓದಿ, ದಾದಿಗಾಗಿ ಅದನ್ನು ದಖನಿಯಲ್ಲಿ ಹೇಳಬೇಕು. ದಾದಿ ಬಿಡುವವಳಲ್ಲ. ‘ಯೇ ಮುಖವಾಡವಾಲಾ ಕೌನ್ ಹೈ? ಇಸ್ಕೆ ಅಮ್ಮಾ ಬಾವಾ ಕಾಂ ಹೈಂ?’ ಎಂದು ಪುಟಪುಟಕ್ಕೂ ತಡೆಯುತ್ತಾಳೆ. ಹೀಗೆ ಎರಡು ಭಾಷೆ ದಾಟಿ, ಅಜ್ಜಿಯ ಅಡ್ಡಪ್ರಶ್ನೆ ದಾಟಿ, ಅಡಿಗೆಮನೆಯಲ್ಲಿರುವ ಅಮ್ಮನ ಕಿವಿಗೂ ಬಿದ್ದು, ಕಥೆ ಮುಗಿಯುವ ಹೊತ್ತಿಗೆ ಯಾರಿಗೂ ಮುಜುಗರವಾಗಬಾರದು, ಯಾರಿಗೂ ಎಳೆ ತಪ್ಪಬಾರದು. ಸರಳತೆ ಎಂದು ನಾವು ಕರೆಯುವುದು ಈ ಪರೀಕ್ಷೆಯಲ್ಲಿ ಪಾಸಾಗುವ ಶಕ್ತಿಯನ್ನು. ಇದು ಸುಲಭದ್ದಲ್ಲ. ಬಹಳಷ್ಟು ದೊಡ್ಡ ಕಾದಂಬರಿಗಳು ಇದರಲ್ಲಿ ಫೇಲಾಗುತ್ತವೆ.

ಚಿತ್ರ ತೋರಿಸಿ ಕಥೆ ಓದುವುದು ಈ ನೆಲಕ್ಕೆ ಅಮೆರಿಕದಿಂದ ಬಂದದ್ದೂ ಅಲ್ಲ. ಅಕ್ಬರನ ಆಸ್ಥಾನದಲ್ಲಿ 1560ರ ದಶಕದಲ್ಲಿ ಆರಂಭವಾದ ‘ಹಮ್ಜಾನಾಮಾ’ವನ್ನು ನೆನೆಯಬೇಕು. ಇರಾನಿನಿಂದ ಬಂದ ಮೀರ್ ಸಯ್ಯಿದ್ ಅಲಿ ಮತ್ತು ಅಬ್ದುಸ್ಸಮದ್ ಅವರ ಉಸ್ತುವಾರಿಯಲ್ಲಿ, ದಸ್ವಂತ್, ಬಸಾವನರಂಥ ಈ ನೆಲದ ಕಲಾವಿದರೂ ಸೇರಿ, ಸುಮಾರು 15 ವರ್ಷ ದುಡಿದು 1,400ರಷ್ಟು ಚಿತ್ರಗಳನ್ನು ಬಟ್ಟೆಯ ಮೇಲೆ ಬರೆದರು. ಮುಂದೆ ಚಿತ್ರ, ಹಿಂದೆ ಕಥೆ. ಅಷ್ಟು ದೊಡ್ಡ ಹಾಳೆಗಳನ್ನು ಸಭೆಗೆ ಎತ್ತಿ ತೋರಿಸುತ್ತ ಕಥೆ ಹೇಳುತ್ತಿದ್ದರೆಂದು ವಿದ್ವಾಂಸರು ಭಾವಿಸುತ್ತಾರೆ. ಆ ದಾಸ್ತಾನಿನ ಅಮೀರ್ ಹಮ್ಜಾ ದೇವ್‌ಗಳನ್ನು ಮಣಿಸುವ ವೀರ. ಅವನ ಗೆಳೆಯ ಅಮ್ರ್ ಅಯ್ಯಾರನ ಬಳಿ ಏನು ಹಾಕಿದರೂ ಹಿಡಿಯುವ ಜಂಬೀಲ್ ಎಂಬ ಚೀಲ, ಹೊದ್ದರೆ ಮಾಯವಾಗುವ ಕಂಬಳಿ. ಇದನ್ನು ಕೇಳಿ ಬೆಳೆದ ದಾದಿಗೆ ಮಾಂಡ್ರೇಕನ ಮೋಡಿ ಹೊಸದೇನೂ ಅಲ್ಲ. ಪಕ್ಕದ ಮನೆಯ ಅಜ್ಜಿಗೂ ಅಷ್ಟೆ. ಈ ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದೊಡನೆ ಕಿರೀಟ, ಬಣ್ಣ, ಹೆಜ್ಜೆ ನೋಡಿ ಅದು ರಾಜನೋ ರಾಕ್ಷಸನೋ ಎಂದು ಹೇಳಬಲ್ಲವಳು ಆಕೆ. ಮೈಗಂಟಿದ ನೇರಳೆ ಉಡುಪು, ಹಣೆಯಿಂದ ಮೂಗಿನವರೆಗೆ ಮುಖವಾಡ, ಸೊಂಟದಲ್ಲಿ ತಲೆಬುರುಡೆಯ ಪಟ್ಟಿ ಎಂದರೆ ಆಕೆಗೂ ಇದೊಂದು ವೇಷ. ಪ್ಯಾಂಟಿನ ಮೇಲೆ ಚಡ್ಡಿ ಯಾಕೆ ಎಂದು ನಗುವುದು ನಗರದ ಓದಿದವರ ಚಾಳಿ.

ಈಗ ಕಥೆಯ ಒಳಗೆ ಬರೋಣ. ಫ್ಯಾಂಟಮನಿಗೆ ಯಾವ ಅತಿಮಾನುಷ ಶಕ್ತಿಯೂ ಇಲ್ಲ. ಅವನು 21ನೆಯವನು, ಅಪ್ಪ ಸತ್ತಮೇಲೆ ಮಗ ಅದೇ ಉಡುಪು ತೊಡುವುದರಿಂದ ಜನ ಅವನನ್ನು ಸಾವಿಲ್ಲದವನೆಂದು ನಂಬುತ್ತಾರೆ. ಅವನ ಆಕರ್ಷಣೆ ಇರುವುದು ಅವನು ಮಾಡದೆ ಬಿಡುವ ಕೆಲಸಗಳಲ್ಲಿ. ಎರಡು ಪಿಸ್ತೂಲಿದ್ದರೂ ಗುರಿ ಇಡುವುದು ಎದುರಾಳಿಯ ಕೈಯಲ್ಲಿನ ಆಯುಧಕ್ಕೆ. ಬಂದರಿನ ಹೆಂಡದಂಗಡಿಗೆ ನುಗ್ಗಿ, ಗೂಂಡಾಗಳ ನಡುವೆ ನಿಂತು ಒಂದು ಲೋಟ ಹಾಲು ಕೇಳುತ್ತಾನೆ. ಹೊಡೆದರೆ ದವಡೆಯ ಮೇಲೆ ಉಂಗುರದ ತಲೆಬುರುಡೆ ಗುರುತು ಉಳಿಯುತ್ತದೆ. ಅದು ಶಿಕ್ಷೆ, ಕೊಲೆಯಲ್ಲ. ಇನ್ನೊಂದು ಕೈಯ ಉಂಗುರದ ಗುರುತು ಸಿಕ್ಕವರಿಗೆ ಅವನ ರಕ್ಷಣೆ ಇರುತ್ತದೆ. ಡಯಾನಾಳನ್ನು ಪ್ರೀತಿಸಿ, ಓದುಗರನ್ನು 41 ವರ್ಷ ಕಾಯಿಸಿ, 1977ರಲ್ಲಿ ಮದುವೆಯಾಗುತ್ತಾನೆ, ಅವಳಿ ಮಕ್ಕಳಾಗುತ್ತವೆ. ನಮ್ಮೂರ ಕಡೆಯ ಹೆಣ್ಣು ಹೆತ್ತವರೂ ಇಷ್ಟು ತಾಳ್ಮೆಯ ಗಂಡನ್ನು ಕಂಡಿರಲಿಕ್ಕಿಲ್ಲ.

‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಕನ್ನಡಿಗರಿಗೆ ರಸತತ್ವವನ್ನು ತಿಳಿಯಾಗಿ ವಿವರಿಸಿದ ತೀ.ನಂ. ಶ್ರೀಕಂಠಯ್ಯನವರು ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅವರ ಹೆಸರನ್ನು ಕಾಮಿಕ್ಸಿನ ಪಕ್ಕ ಇಟ್ಟರೆ ಕೆಲವರಿಗೆ ಕಸಿವಿಸಿಯಾಗಬಹುದು. ಆದರೆ ಆ ಪರಂಪರೆಯ ಒಂದು ವಿಂಗಡಣೆ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ವೀರರಲ್ಲಿ ಯುದ್ಧವೀರ ಮಾತ್ರವಲ್ಲ, ದಾನವೀರ, ದಯಾವೀರ, ಧರ್ಮವೀರರೂ ಇದ್ದಾರೆ ಎಂದು ನಮ್ಮ ಆಲಂಕಾರಿಕರು ಹೇಳಿದರು. ಹಳೆಯ ಸೂಪರ್‌ಹೀರೋ ಮೂಲತಃ ದಯಾವೀರ. 1938ರಲ್ಲಿ ಸೂಪರ್‌ಮ್ಯಾನ್ ಮೊದಲ ಬಾರಿಗೆ ಕಾಣಿಸಿಕೊಂಡ ಸಂಚಿಕೆಯಲ್ಲಿ ಅವನು ಮಾಡುವ ಕೆಲಸಗಳನ್ನು ನೋಡಿ. ತಪ್ಪಾಗಿ ಮರಣದಂಡನೆಗೆ ಗುರಿಯಾಗಲಿದ್ದ ಹೆಂಗಸೊಬ್ಬಳನ್ನು ಉಳಿಸುತ್ತಾನೆ, ಹೆಂಡತಿಗೆ ಹೊಡೆಯುತ್ತಿದ್ದ ಗಂಡನನ್ನು ತಡೆಯುತ್ತಾನೆ, ಭ್ರಷ್ಟ ರಾಜಕಾರಣದ ಬೆನ್ನು ಹತ್ತುತ್ತಾನೆ. ಎಲ್ಲವೂ ನಮ್ಮ ಬೀದಿಯಲ್ಲೂ ನಡೆಯುವಂಥವು. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ವಲಸೆ ಬಂದ ಬಡ ಯಹೂದಿ ಕುಟುಂಬಗಳ ಹುಡುಗರು. ಸಣ್ಣವನಿಗೆ ಆಗುವ ಅನ್ಯಾಯ ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಿತ್ತು.

ಮುಂದೆ ದಯಾವೀರ ಹಿಂದೆ ಸರಿದು ಯುದ್ಧವೀರನೊಬ್ಬನೇ ಉಳಿದ. 1986ರಲ್ಲಿ ಬಂದ ‘ವಾಚ್‌ಮೆನ್’ ಮತ್ತು ಮುದಿಯಾದ, ಸಿಟ್ಟಿನ ಬ್ಯಾಟ್‌ಮ್ಯಾನನ ಕಥೆ ನಿಜಕ್ಕೂ ದೊಡ್ಡ ಕೃತಿಗಳು. ವೀರನೆಂಬ ಕಲ್ಪನೆಯಲ್ಲೇ ಇರುವ ಸರ್ವಾಧಿಕಾರದ ವಾಸನೆಯನ್ನು ಅವು ಬಯಲು ಮಾಡಿದವು. ಅವನ್ನು ಅನುಕರಿಸಿದವರಿಗೆ ಸಿಕ್ಕಿದ್ದು ಕತ್ತಲು ಮಾತ್ರ. ಈಗಿನ ಸಿನಿಮಾಗಳಲ್ಲಿ ವೀರನು ಜಗತ್ತನ್ನು ಉಳಿಸುವ ಭರದಲ್ಲಿ ಊರಿಗೆ ಊರೇ ಕುಸಿಯುತ್ತದೆ, ಬಿದ್ದ ಕಟ್ಟಡದಲ್ಲಿದ್ದವರ ಲೆಕ್ಕ ಯಾರೂ ಕೇಳುವುದಿಲ್ಲ. ಜಗತ್ತನ್ನು ಉಳಿಸುವುದು ಸುಲಭ, ಅದಕ್ಕೆ ಮುಖವಿಲ್ಲ. ಗಂಡನ ಕೈಯಿಂದ ಒಬ್ಬಳನ್ನು ಬಿಡಿಸುವುದು ಕಷ್ಟ. ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. 1954ರಲ್ಲಿ ಅಮೆರಿಕದ ಪ್ರಕಾಶಕರು ಟೀಕೆಗೆ ಹೆದರಿ ತಮಗೆ ತಾವೇ ನೀತಿಸಂಹಿತೆ ಹಾಕಿಕೊಂಡಾಗ ಬಂದ ಎಷ್ಟೋ ಕಥೆಗಳು ಉಪ್ಪಿಲ್ಲದ ಸಾರು. ಹೆದರಿಕೆಯಿಂದ ಸರಳವಾಗುವುದು ಬೇರೆ, ಕೇಳುವವರ ಮೇಲಿನ ಗೌರವದಿಂದ ಸರಳವಾಗುವುದು ಬೇರೆ.

ಇಲ್ಲಿಗೆ ಒಂದು ಪ್ರಶ್ನೆ ಎದುರಾಗುತ್ತದೆ, ಅದನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಮನೆಮಂದಿಯೆಲ್ಲ ಕೂತು ಓದಬಹುದು ಎನ್ನುತ್ತೇವಲ್ಲ, ಯಾವ ಮನೆಯ ಮಂದಿ?

ಫ್ಯಾಂಟಮ್ ಕಥೆಯ ಅಡಿಪಾಯವೇ ಸೊಟ್ಟ. ಕಪ್ಪು ಜನರ ಕಾಡಿಗೆ ನ್ಯಾಯ ಕೊಡಲು 400 ವರ್ಷಗಳಿಂದ ಒಬ್ಬ ಬಿಳಿಯನೇ ಬೇಕು. ಲೀ ಫಾಕ್ ಮುಂದೆ ಲಮಾಂಡಾ ಲುವಾಗಾ ಎಂಬ ಕರಿಯ ವೈದ್ಯನನ್ನು ಆ ದೇಶದ ಚುನಾಯಿತ ಅಧ್ಯಕ್ಷನನ್ನಾಗಿ ತಂದರು, ತಿದ್ದಿಕೊಳ್ಳುವ ಮನಸ್ಸಿತ್ತು ಎಂಬುದನ್ನು ಒಪ್ಪಬೇಕು. ಆದರೂ ಸಿಂಹಾಸನ ತಲೆಬುರುಡೆಯ ಗುಹೆಯಲ್ಲೇ ಉಳಿಯಿತು.

ಇಂದ್ರಜಾಲದ ಸಂಪಾದಕರು ಮಾಡಿದ ಬದಲಾವಣೆಗಳು ಇನ್ನೂ ಕುತೂಹಲಕರ. ಮೂಲದಲ್ಲಿ ಫ್ಯಾಂಟಮನ ನೆಲದ ಹೆಸರು ಬಂಗಾಳವನ್ನು ನೆನಪಿಸುತ್ತಿತ್ತು, ಅದನ್ನು ‘ಡೆಂಕಾಲಿ’ ಮಾಡಿದರು. ಕಡಲ್ಗಳ್ಳರ ಹೆಸರು ‘ಸಿಂಘ್’ ಎಂದಿತ್ತು, ಅದು ‘ಸಿಂಗಾ’ ಆಯಿತು. ಹಿಂದಿನ ಫ್ಯಾಂಟಮನನ್ನು ಕೊಂದವನ ಹೆಸರು ‘ರಾಮ’ ಎಂದಿತ್ತು, ಅವನು ‘ರಾಮಲು’ ಆದ. ಇದನ್ನು ಕೆಲವರು ಹೇಡಿತನ ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಈ ಪುಟವನ್ನು ಒಂದು ಮನೆಯಲ್ಲಿ ಗಟ್ಟಿಯಾಗಿ ಓದುವಾಗ ಯಾರ ಮುಖ ಸಪ್ಪಗಾದೀತು ಎಂದು ಮುಂಬಯಿಯ ಕಚೇರಿಯಲ್ಲಿ ಯಾರೋ ಕೂತು ಯೋಚಿಸಿದ್ದಾರೆ. ಅದು ಸಭ್ಯತೆ. ನನ್ನ ತಕರಾರು ಬೇರೆ: ಆ ಯೋಚನೆ ಎಲ್ಲರ ಬಾಗಿಲಿಗೂ ಹೋಗಲಿಲ್ಲ. ಸಾಹಸ ಕಥೆಗಳ ಗಡ್ಡದ ಅರಬ್ಬಿ ಗುಲಾಮರನ್ನು ಮಾರುವವನಾಗಿಯೇ ಉಳಿದ. ಅಮರ ಚಿತ್ರ ಕಥೆ ಅಕ್ಬರ್, ಬೀರಬಲ್ಲರನ್ನು ಮನೆಮಾತಾಗಿಸಿತು ನಿಜ. ಆದರೆ ಅದರ ರಜಪೂತ, ಮರಾಠ ವೀರರ ಕಥೆಗಳಲ್ಲಿ ಕೋಟೆಯ ಹೊರಗೆ ನಿಂತ ಮುಸ್ಲಿಮ್ ದೊರೆಗೆ ಬಹುಪಾಲು ಒಂದೇ ಮುಖ, ಒಂದೇ ಹುಬ್ಬು. ಈ ಹಿಂದೆ ಹೇಳಿದ ಆ ಹುಡುಗಿ ಇಂಥ ಪುಟ ಬಂದಾಗ ಏನು ಮಾಡಬೇಕು? ದಾದಿಗೆ ದಖನಿಯಲ್ಲಿ ಹೇಳುವಾಗ ಹೆಸರು ನುಂಗಬೇಕು, ಇಲ್ಲವೇ ಎರಡು ಚೌಕ ಹಾರಿಸಬೇಕು. ಸರಳ ಕಥೆಯಲ್ಲಿ ಒಳ್ಳೆಯವನು ಕೆಟ್ಟವನು ಎಂಬ ಗೆರೆ ದಪ್ಪವಾಗಿರುತ್ತದೆ. ಅದು ಅದರ ಬಲ. ಆ ಗೆರೆಯನ್ನು ಗಡ್ಡ, ಬಣ್ಣ, ಹೆಸರುಗಳ ಮೇಲೆ ಎಳೆದರೆ ಅಷ್ಟೇ ದಪ್ಪವಾಗಿ ಕೂಯ್ಯುತ್ತದೆ.

ಇದನ್ನು ಸರಿಪಡಿಸಲು ನಡೆದ ಯತ್ನಗಳಲ್ಲಿ ಹೆಚ್ಚು ಸುದ್ದಿಯಾದದ್ದು ಕುವೈತಿನ ಮನಶ್ಶಾಸ್ತ್ರಜ್ಞ ನಾಯಿಫ್ ಅಲ್ ಮುತವ್ವಾ 2006ರಲ್ಲಿ ಆರಂಭಿಸಿದ ‘ದಿ 99’. 1258ರಲ್ಲಿ ಬಗ್ದಾದಿನ ಗ್ರಂಥಾಲಯ ನಾಶವಾದಾಗ ಅದರ ಜ್ಞಾನ 99 ರತ್ನಗಳಲ್ಲಿ ಉಳಿಯಿತು, ಅವು ಸಿಕ್ಕ ಬೇರೆ ಬೇರೆ ದೇಶಗಳ ಹುಡುಗ ಹುಡುಗಿಯರಿಗೆ ಒಂದೊಂದು ಗುಣ ದಕ್ಕಿತು ಎಂಬುದು ಕಥೆ. ಕಲ್ಪನೆ ಸೊಗಸಾಗಿದೆ. ಅಲ್ಲಾಹನ ಗುಣನಾಮಗಳನ್ನು ನೆನಪಿಸುವ ಸಂಖ್ಯೆ ಎಂದು ಅರಬ್ ನಾಡುಗಳಲ್ಲಿ ಆಕ್ಷೇಪ ಬಂತು. ಇಸ್ಲಾಮಿನ ಪ್ರಚಾರ ಎಂದು ಅಮೆರಿಕದಲ್ಲಿ ಆಕ್ಷೇಪ ಬಂತು. ಎರಡೂ ಕಡೆಯಿಂದ ಪೆಟ್ಟು ತಿಂದ ಈ ಪುಸ್ತಕದ ಬಗ್ಗೆ ಕನಿಕರವಿದೆ. ಆದರೆ ಅದು 2013ಕ್ಕೆ ನಿಂತದ್ದಕ್ಕೆ ವಿವಾದವೊಂದೇ ಕಾರಣವೆಂದು ಹೇಳಲಾರೆ. 99 ವೀರರನ್ನು ನೆನಪಿಡಲು ಹಾಜರಿ ಪುಸ್ತಕವೇ ಬೇಕು! ಅಲ್ಲದೆ ಪ್ರತಿ ಪುಟದಲ್ಲೂ ಒಂದು ಒಳ್ಳೆಯ ಉದ್ದೇಶ ಎದ್ದು ಕಾಣುತ್ತದೆ. ಉದ್ದೇಶ ಮೊದಲು ಬಂದು ಕುರ್ಚಿ ಹಿಡಿದರೆ ಕಥೆಗೆ ಕೂರಲು ಜಾಗವಿಲ್ಲ. 2014ರಲ್ಲಿ ಬಂದ ಕಮಲಾ ಖಾನ್ ಎಂಬ ಪಾಕಿಸ್ತಾನಿ ಮೂಲದ ಅಮೆರಿಕನ್ ಹುಡುಗಿಯ ‘ಮಿಸ್ ಮಾರ್ವೆಲ್’ ಇದಕ್ಕಿಂತ ಗೆದ್ದಿತು. ಯಾಕೆಂದರೆ ಅವಳು ಯಾರ ಪ್ರತಿನಿಧಿಯೂ ಆಗುವ ಮೊದಲು ಅಮ್ಮನಿಂದ ಬೈಸಿಕೊಳ್ಳುವ ಮಗಳು.

ನಮ್ಮಲ್ಲೇ ಇದಕ್ಕಿಂತ ಮೊದಲು, ಸದ್ದಿಲ್ಲದೆ ಒಂದು ಕೆಲಸ ನಡೆದಿತ್ತು. 1976ರಲ್ಲಿ ಇಂದ್ರಜಾಲಕ್ಕೆ ‘ಬಹಾದ್ದೂರ್’ ಎಂಬ ಭಾರತೀಯ ವೀರನನ್ನು ಕೊಟ್ಟವರು ಗುಜರಾತಿ ಲೇಖಕ, ಚಿತ್ರಕಾರ ಆಬಿದ್ ಸುರತಿ. ಚಿತ್ರ ಬರೆದವರು ಗೋವಿಂದ್ ಬ್ರಹ್ಮಣಿಯಾ. ಬಹಾದ್ದೂರನ ಅಪ್ಪ ಡಕಾಯಿತ, ಪೊಲೀಸರ ಗುಂಡಿಗೆ ಸತ್ತವನು. ಅಪ್ಪನನ್ನು ಕೊಂದ ಅಧಿಕಾರಿಯೇ ಹುಡುಗನನ್ನು ಸಾಕುತ್ತಾನೆ. ದೊಡ್ಡವನಾದ ಮೇಲೆ ಅವನು ಸೇಡಿನ ದಾರಿ ಬಿಟ್ಟು ಹಳ್ಳಿಗರನ್ನು ಸೇರಿಸಿ ರಕ್ಷಣಾ ದಳ ಕಟ್ಟುತ್ತಾನೆ. ಜುಬ್ಬಾ, ಜೀನ್ಸ್ ತೊಟ್ಟ ಈ ವೀರ ಒಬ್ಬನೇ ಹಾರಿ ಬಂದು ಕಾಪಾಡುವವನಲ್ಲ, ಜೊತೆಗಿರುವವರನ್ನು ಕಾಪಾಡಿಕೊಳ್ಳುವಂತೆ ಮಾಡುವವನು. ಸೇಡಿನ ಕಥೆಯನ್ನು ಹೀಗೆ ತಿರುಗಿಸಲು ಧೈರ್ಯ ಬೇಕು. ಅದೇ ದಶಕದ ಹಿಂದಿ ಸಿನಿಮಾ ಪೂರ್ತಿ ಸೇಡಿನ ಮೇಲೆ ನಿಂತಿತ್ತು. ಆಬಿದ್ ಸುರತಿ 2007ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಮುಂಬಯಿ ಪಕ್ಕದ ಮೀರಾ ರೋಡಿನಲ್ಲಿ ಕೊಳಾಯಿ ರಿಪೇರಿಯವನನ್ನು ಕಟ್ಟಿಕೊಂಡು ಭಾನುವಾರಗಳಲ್ಲಿ ಮನೆಮನೆಗೆ ಹೋಗಿ ಸೋರುವ ನಲ್ಲಿಗಳನ್ನು ಬಿಟ್ಟಿ ಸರಿಮಾಡಿಸತೊಡಗಿದರು. ಕೊಳವೆಬಾವಿ ಬತ್ತಿ ತೆಂಗಿನ ಸುಳಿ ಒಣಗುವುದನ್ನು ಕಂಡ ನಮ್ಮ ಸೀಮೆಯವರಿಗೆ ಇದು ಎಂಥ ಸಾಹಸವೆಂದು ಬಿಡಿಸಿ ಹೇಳಬೇಕಿಲ್ಲ. ಇದೇ ಸುರತಿ ತಮ್ಮ ಬಾಲ್ಯದ ಒಂದು ಪ್ರಸಂಗವನ್ನು ಹೇಳಿಕೊಂಡಿದ್ದಾರೆ. ಎರಡನೇ ಮಹಾಯುದ್ಧದ ಕಾಲ, ಮುಂಬಯಿಯಲ್ಲಿ ರೈಲಿನಲ್ಲಿ ಸಾಗುತ್ತಿದ್ದ ವಿದೇಶಿ ಸೈನಿಕರು ಹುಡುಗರತ್ತ ಒಂದು ಕಾಮಿಕ್ಸ್ ಎಸೆದರು, ಕಿತ್ತಾಟದಲ್ಲಿ ಇವರ ಕೈಗೆ ಸಿಕ್ಕಿದ್ದು ಒಂದು ಹಾಳೆ. ಅದರಲ್ಲಿದ್ದದ್ದು ಮಿಕ್ಕಿ ಮೌಸ್, ಒಂದು ಇಲಿ.

ನಮ್ಮ ಡಿಂಗನೂ ಇಲಿಯೇ. ಮಲಯಾಳಂನಲ್ಲಿ ಅವನು ಡಿಂಕನ್, 1983ರಲ್ಲಿ ಎನ್. ಸೋಮಶೇಖರನ್ ಬರೆದು, ಬೇಬಿ ಎಂಬ ಕಲಾವಿದರು ಚಿತ್ರಿಸಿದ್ದು. ಕಾಡಿನ ತುಂಟ ಇಲಿಯನ್ನು ಬೇರೆ ಗ್ರಹದವರು ಹೊತ್ತೊಯ್ದು ಏನೋ ಪ್ರಯೋಗ ಮಾಡುತ್ತಾರೆ, ಅವನಿಗೆ ಹಾರುವ, ಹೊಡೆದುರುಳಿಸುವ ಶಕ್ತಿ ಬರುತ್ತದೆ. ಕಾಡಿನಲ್ಲಿ ಯಾವುದೋ ಪ್ರಾಣಿ ಸಂಕಟದಲ್ಲಿ ಅವನ ಹೆಸರು ಕೂಗುತ್ತದೆ, ಅವನು ಬರುತ್ತಾನೆ. ನಾಲ್ಕಾರು ಪುಟಕ್ಕೆ ಕಥೆ ಮುಗಿಯಿತು. ವಿಮರ್ಶಕನಿಗೆ ಹೇಳಲು ಇಲ್ಲೇನಿದೆ ಎನ್ನಿಸಬಹುದು. ನನ್ನ ದೃಷ್ಟಿಯಲ್ಲಿ ಆ ಅಟ್ಟದ ಕಟ್ಟಿನಲ್ಲಿದ್ದವರಲ್ಲೆಲ್ಲ ಪೂರ್ತಿ ಪಾಸಾದವನು ಇವನೊಬ್ಬನೇ.

ತೆಂಗಿನ ಸೀಮೆಗೆ ಇಲಿ ಎಂದರೆ ಏನು ಎಂದು ಯೋಚಿಸಿ. ಮರ ಹತ್ತಿ ಎಳೆಗಾಯಿ ಕೊರೆಯುವುದು ಅದು. ಅದಕ್ಕೆಂದೇ ಮರಕ್ಕೆ ತಗಡಿನ ಪಟ್ಟಿ ಸುತ್ತುತ್ತಾರೆ. ಅಟ್ಟದಲ್ಲಿ ವರ್ಷದ ದುಡಿಮೆಯನ್ನು ತಿನ್ನುವುದೂ ಅದೇ. ಮನೆಯ ಶತ್ರು, ಕಳ್ಳ, ಕೊಳಕ ಎಂದು ಹೆಸರಾದ ಜೀವ. ಮಧ್ಯಾಹ್ನ ಬೋನಿಗೆ ಕೊಬ್ಬರಿ ಚೂರು ಸಿಕ್ಕಿಸಿ ಇಟ್ಟ ಮಗುವೇ ಸಂಜೆ ದೀಪದ ಮುಂದೆ ಇಲಿಯ ಗೆಲುವಿಗಾಗಿ ಉಸಿರು ಬಿಗಿಹಿಡಿದು ಕೂರುತ್ತದೆ. ಎಲ್ಲರೂ ಕಳ್ಳನೆನ್ನುವ ಜಾತಿಯೊಳಗಿಂದ ಕಾಪಾಡುವವನು ಬರಬಹುದು ಎಂಬುದನ್ನು ಡಿಂಗ ಒಂದು ಮಾತೂ ಆಡದೆ ಮಗುವಿನ ಒಳಗೆ ಇಳಿಸಿಬಿಡುತ್ತಾನೆ. ‘ದಿ 99’ ಇಷ್ಟನ್ನು ಹೇಳಲು ಎಷ್ಟು ಪುಟ ಭಾಷಣ ಮಾಡಿತು! ಡಿಂಗನ ಕಥೆಯಲ್ಲೂ ಕೆಟ್ಟವರಿದ್ದಾರೆ, ಗೆರೆ ದಪ್ಪವಾಗಿಯೇ ಇದೆ. ಆದರೆ ಅದು ಎಳೆದಿರುವುದು ಏನು ಮಾಡಿದರು ಎಂಬುದರ ಮೇಲೆ. ಹುಡುಗಿ ದಾದಿಗೆ ಒಂದು ಚೌಕವನ್ನೂ ಹಾರಿಸಬೇಕಿಲ್ಲ. ದೋಷವೇ ಇಲ್ಲವೆಂದಲ್ಲ. ಕಥೆಗಳು ಒಂದನ್ನೊಂದು ಹೋಲುತ್ತವೆ, ನಾಲ್ಕು ಓದಿದರೆ ಐದನೆಯದರ ಕೊನೆ ಗೊತ್ತಾಗುತ್ತದೆ, ಮತ್ತು ಆ ಕಾಡಿನಲ್ಲಿ ಹೆಣ್ಣು ಪ್ರಾಣಿಗಳಿಗೆ ಕೂಗುವುದರ ಹೊರತು ಹೆಚ್ಚು ಕೆಲಸವಿಲ್ಲ.

ಈಗ ಇವನ್ನೆಲ್ಲ ಓದಬೇಕೆಂದರೆ ಎಲ್ಲಿಗೆ ಹೋಗಬೇಕು? 2020ರಲ್ಲಿ ಸರ್ಕಾರ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಿಸಿತು, ಅದೊಂದು ಒಳ್ಳೆಯ ಕೆಲಸ. ಅಲ್ಲಿನ ಕಪಾಟುಗಳಲ್ಲಿ ಮಹಾಪುರುಷರ ಜೀವನಚರಿತ್ರೆ, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಿಗೆ ಸಿಗುವ ಜಾಗ ಕನ್ನಡದ ಹಳೆಯ ಚಿತ್ರಕಥೆಗಳಿಗೆ ಸಿಕ್ಕಿಲ್ಲ. ಸಿಗಬೇಕೆಂದರೂ ಅಚ್ಚಿನಲ್ಲಿಲ್ಲ. ಮಲಯಾಳಂ ‘ಬಾಲಮಂಗಳಂ’ 2012ರಲ್ಲಿ ನಿಂತಿತು, ಕನ್ನಡದ್ದೂ ಈಗಿಲ್ಲ. ವಿಚಿತ್ರವೆಂದರೆ ಅಷ್ಟು ಹೊತ್ತಿಗಾಗಲೇ, 2008ರ ಸುಮಾರಿಗೆ, ಕೇರಳದ ಕೆಲವು ವಿಚಾರವಾದಿ ಯುವಕರು ಧರ್ಮಗಳನ್ನು ಅಣಕಿಸಲು ಡಿಂಕನನ್ನು ದೇವರೆಂದು ಘೋಷಿಸಿ ಒಂದು ‘ಮತ’ವನ್ನೇ ಹುಟ್ಟುಹಾಕಿದ್ದರು. ಅವನ ಹೆಸರಿನ ಸಿನಿಮಾ ಒಂದರ ವಿರುದ್ಧ 2016ರಲ್ಲಿ ಅಣಕು ಪ್ರತಿಭಟನೆಯೂ ನಡೆಯಿತು. ಅವರಲ್ಲಿ ಅನೇಕರು ಚಿಕ್ಕಂದಿನಲ್ಲಿ ಅವನ ಕಥೆ ಓದಿ ಬೆಳೆದವರು. ಹೀಗೆ ದೊಡ್ಡವರು ಇಲಿಯ ಬಾವುಟ ಹಿಡಿದು ಬೀದಿಗಿಳಿದ ಹೊತ್ತಿನಲ್ಲಿ ಮಕ್ಕಳಿಗೆ ಓದಲು ಅಂಗಡಿಯಲ್ಲಿ ಡಿಂಗ ಇರಲಿಲ್ಲ.